ಹನಕೆರೆಯ ಜಗಲಿಯಲ್ಲಿ ಜೇನುಹುಳದ ಲೆಕ್ಕ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೊರಟವರು ಮದ್ದೂರಿನಲ್ಲಿ ವಡೆ ಕೊಂಡು, ತಿಂದು, ಕಾಗದದಿಂದ ಕೈ ಒರೆಸಿಕೊಳ್ಳುವಷ್ಟರಲ್ಲಿ ಹನಕೆರೆ ಹಿಂದೆ ಸರಿದಿರುತ್ತದೆ. ವೇಗದ ಗಾಡಿಗಳಿಗೆ ಇಲ್ಲಿ ಕೆಲಸವಿಲ್ಲ. ಮದ್ದೂರಿಗೂ ಮಂಡ್ಯಕ್ಕೂ ನಡುವಿನ ಈ ಪುಟ್ಟ ನಿಲ್ದಾಣದಲ್ಲಿ ಇಳಿಯಬೇಕೆಂದರೆ ನಿಧಾನದ ಗಾಡಿಯನ್ನೇ ಕಾಯಬೇಕು. ಈ ಸೀಮೆಗೆ ರೈಲು ಹಳಿ ಬಂದದ್ದು 1881ರ ಸುಮಾರಿಗೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದದ್ದು ಅದಾದ ಅರ್ಧ ಶತಮಾನಕ್ಕೆ. ನೀರಿನ ಜೊತೆ ಕಬ್ಬು ಬಂತು, ಕಬ್ಬಿನ ಜೊತೆ ಆಲೆಮನೆ ಬಂತು. ಕೊನೆಗೆ ಬಂದದ್ದು ದಶಪಥ. 2023ರ ಮಾರ್ಚ್ 12ರಂದು ಇಲ್ಲೇ ಹತ್ತಿರದ ಗೆಜ್ಜಲಗೆರೆಯಲ್ಲಿ ಅದರ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳ ಸಂಚಾರ ನಿಂತಿತು. ಕಬ್ಬಿನ ಗಾಡಿಗೆ ಉಳಿದದ್ದು ಪಕ್ಕದ ಸರ್ವಿಸ್ ರಸ್ತೆ. ಎದುರಿಗೇ ಕಾಣುವ ಜಾಗಕ್ಕೆ ಈಗ ನೇರ ಹೋಗುವಂತಿಲ್ಲ. ಇಷ್ಟು ದೂರ ಮುಂದೆ, ಬಲಕ್ಕೆ ತಿರುಗಿ ಕೆಳಸೇತುವೆ, ಮತ್ತೆ ಬಲಕ್ಕೆ, ಮತ್ತೆ ಅಷ್ಟೇ ದೂರ ಹಿಂದಕ್ಕೆ. ಹೆದ್ದಾರಿ ಬದಿಯ ಹಳ್ಳಿಗಳ ಮಕ್ಕಳು ಈ ಲೆಕ್ಕವನ್ನು ಕಾಲಿನಲ್ಲೇ ಕಲಿಯುತ್ತಿದ್ದಾರೆ.

ಕಾಲಿನಲ್ಲಿ ಕಲಿಯುವ ಲೆಕ್ಕದ ಬಗ್ಗೆಯೇ ಈ ಬರಹ.

ಚೀಲದಲ್ಲಿ ಬಂದ ಹುಳ

ದಸರೆಯ ರಜೆಯಲ್ಲಿ ಹನಕೆರೆಯ ನೆಂಟರ ಮನೆಗೆ ಹೋದಾಗ ನನ್ನ ಚೀಲದಲ್ಲಿ ಪರಿಚಯದವರಿಂದ ಎರಡು ದಿನಕ್ಕೆಂದು ಕಡ ತಂದ ಒಂದು ಯಂತ್ರವಿತ್ತು. ಇಂಗ್ಲೆಂಡಿನ ಶಾಲೆಗಳಲ್ಲಿ ‘ಬೀ-ಬಾಟ್’ ಎಂದು ಹೆಸರಾದ ಆಟಿಕೆ ರೋಬಾಟ್. ಅಂಗೈಯಷ್ಟಗಲದ ಹಳದಿ ಕಪ್ಪು ಪಟ್ಟೆಯ ಜೇನುಹುಳ. ಬೆನ್ನ ಮೇಲೆ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಎಂಬ ನಾಲ್ಕು ಬಾಣದ ಗುಂಡಿಗಳು, ನಡುವೆ ‘ಹೊರಡು’ ಎಂಬ ಹಸಿರು ಗುಂಡಿ, ಪಕ್ಕದಲ್ಲಿ ‘ಅಳಿಸು’ ಮತ್ತು ‘ತಡೆ’. ಒಂದು ಸಲ ಮುಂದಿನ ಬಾಣ ಒತ್ತಿದರೆ ಸರಿಯಾಗಿ 15 ಸೆಂಟಿಮೀಟರ್ ಸಾಗುತ್ತದೆ. ಎಡ ಬಲದ ಬಾಣ ಒತ್ತಿದರೆ ಇದ್ದಲ್ಲೇ 90 ಡಿಗ್ರಿ ತಿರುಗುತ್ತದೆ. ಹಳೆಯ ಮಾದರಿ 40 ಆಜ್ಞೆಗಳವರೆಗೆ ನೆನಪಿಟ್ಟುಕೊಂಡು, ಹಸಿರು ಗುಂಡಿ ಒತ್ತಿದಾಗ ಒಂದಾದ ಮೇಲೊಂದರಂತೆ ಪಾಲಿಸುತ್ತದೆ. ಇಷ್ಟೇ ಅದರ ವಿದ್ಯೆ. ಪರದೆ ಇಲ್ಲ, ಅಕ್ಷರ ಇಲ್ಲ, ಇಂಟರ್‌ನೆಟ್ ಬೇಕಿಲ್ಲ.

ಜಗಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ 15 ಸೆಂಟಿಮೀಟರಿನ ಹತ್ತು ಮನೆ ಬರೆದು ಒಂದರಿಂದ ಹತ್ತರವರೆಗೆ ಅಂಕಿ ಹಾಕಿದೆ. ಬೀದಿಯ ಮಕ್ಕಳು ಬಂದು ಕೂತರು. ಒಂದನೇ ತರಗತಿಯಿಂದ ನಾಲ್ಕನೆಯವರೆಗಿನವರು. ಹುಳವನ್ನು ಎರಡನೇ ಮನೆಯಲ್ಲಿಟ್ಟು, “ಇದನ್ನು ಏಳಕ್ಕೆ ಕಳಿಸ್ರಪ್ಪಾ” ಎಂದೆ. ಒಬ್ಬ ಪುಟ್ಟ ಹುಡುಗಿ ಎರಡು, ಮೂರು, ನಾಲ್ಕು ಎಂದು ಬೆರಳಿಟ್ಟು ಎಣಿಸಿ ಆರು ಸಲ ಒತ್ತಿದಳು. ಹುಳ ಎಂಟಕ್ಕೆ ಹೋಗಿ ನಿಂತು ಕಣ್ಣು ಮಿಟುಕಿಸಿತು.

“ಸಾ, ನಿಮ್ ಉಳ ಒಂದ್ ಮನೆ ಮುಂದಕ್ಕೋಯ್ತು!”

ಹುಳದ ತಪ್ಪಲ್ಲ. ಹುಡುಗಿ ಹುಳ ಕೂತಿದ್ದ ಮನೆಯನ್ನೂ ಸೇರಿಸಿ ಎಣಿಸಿದ್ದಳು. ಮೂವತ್ತು ವರ್ಷಗಳಿಂದ ಶಾಲೆಗಳಲ್ಲಿ ನೋಡುತ್ತಿರುವ ತೊಡಕು ಇದು. ಐದು ಕಂಬಗಳ ನಡುವೆ ಎಷ್ಟು ಅಂತರ ಎಂದರೆ ಹೈಸ್ಕೂಲಿನವರೂ ಐದು ಎನ್ನುತ್ತಾರೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಎಂಜಿನಿಯರುಗಳೂ ಇದೇ ಒಂದರ ವ್ಯತ್ಯಾಸದಲ್ಲಿ ಎಡವುತ್ತಾರೆ. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ಅಜ್ಜಿ ಕೆಲಸ ಮುಗಿಸಿಬಿಟ್ಟರು: “ಕುಂತಿರೋ ಮನೆಯ ಎಣಿಸ್ತಾರೇನ್ ಮಗ? ಚೌಕಾಬಾರ ಆಡಿಲ್ವಾ ನೀನು?”

ಹುಡುಗಿಯ ಮುಖ ಅರಳಿತು. ‘ಅಳಿಸು’ ಒತ್ತದೆ ಐದು ಸಲ ಒತ್ತಿದ್ದರಿಂದ ಮೊದಲಿನ ಆರೂ ಸೇರಿಕೊಂಡು ಹುಳ ಜಗಲಿಯ ಅಂಚಿನವರೆಗೆ ಓಡಿತು, ಎಲ್ಲರೂ ಹಿಡಿದುಕೊಂಡರು. ಹಳೆಯ ಮಾತನ್ನು ಅಳಿಸದಿದ್ದರೆ ಹುಳ ಮರೆಯುವುದಿಲ್ಲ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಮೂರನೆಯ ಸಲ ಅದು ಏಳರಲ್ಲೇ ನಿಂತಿತು.

ಚೌಕಾಬಾರದ ಪ್ರೋಗ್ರಾಂ

ಅಜ್ಜಿಯ ಮಾತನ್ನು ನಾನು ಆಮೇಲೂ ಮೆಲುಕು ಹಾಕಿದೆ. ಚೌಕಾಬಾರದ ಮಣೆಯಲ್ಲಿ ಐದೈದಲ ಇಪ್ಪತ್ತೈದು ಮನೆ. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಹಣ್ಣಾಗುವ ಮನೆ 1. ನಮ್ಮ ಕಟ್ಟೆಯಿಂದ ಹೊರಟ ಕಾಯಿ ಹೊರಗೆ ಒಂದು ದಿಕ್ಕಿನಲ್ಲಿ ಸುತ್ತಿ, ಒಳಗೆ ಅದರ ವಿರುದ್ಧ ದಿಕ್ಕಿನಲ್ಲಿ ಸುತ್ತಿ ನಡುಮನೆ ಸೇರಬೇಕು. ಮನೆ 25 ಆದರೂ ನಡಿಗೆ 24. ಕುಂತ ಮನೆಯನ್ನು ಎಣಿಸುವಂತಿಲ್ಲವಲ್ಲ!

ಅಳಗುಳಿ ಮಣೆಯೂ ಹೀಗೆಯೇ. ಎರಡು ಸಾಲು, ಸಾಲಿಗೆ ಏಳು ಗುಳಿ. ಹುಣಿಸೆ ಬೀಜವನ್ನು ಗುಳಿಗೊಂದರಂತೆ ಹಾಕುತ್ತ ಹೋಗುವುದು ಅನುಕ್ರಮ. ಕೈ ಬರಿದಾದಾಗ ಮುಂದಿನ ಗುಳಿಯದನ್ನು ಬಾಚಿಕೊಂಡು ಮತ್ತೆ ಹಾಕುವುದು ಪುನರಾವರ್ತನೆ. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯದನ್ನು ಗೆದ್ದುಕೊಳ್ಳುವುದು ಷರತ್ತು. ಅನುಕ್ರಮ, ಪುನರಾವರ್ತನೆ, ಷರತ್ತು: ಕಂಪ್ಯೂಟರ್ ಪುಸ್ತಕಗಳು ಕೋಡಿಂಗಿನ ಅಡಿಪಾಯವೆಂದು ಹೇಳುವುದು ಈ ಮೂರನ್ನೇ. ನಮ್ಮ ಹೆಣ್ಣುಮಕ್ಕಳು ಮಧ್ಯಾಹ್ನದ ಹೊತ್ತು ಜಗಲಿಯಲ್ಲಿ ಆಡುತ್ತಿದ್ದದ್ದೂ ಇವನ್ನೇ. ಹಾಗೆಂದು ಕಂಪ್ಯೂಟರನ್ನು ನಮ್ಮ ಅಜ್ಜಿಯರೇ ಕಂಡುಹಿಡಿದರು ಎಂದು ಎದೆ ತಟ್ಟಿಕೊಳ್ಳುವ ಜಾತಿಗೆ ನಾನು ಸೇರಿದವನಲ್ಲ. ಮಗುವಿಗೆ ಗೊತ್ತಿರುವ ಊರಿನಿಂದ ಗೊತ್ತಿಲ್ಲದ ಊರಿಗೆ ದಾರಿ ಇದೆ ಎನ್ನುವುದಷ್ಟೇ ನನ್ನ ಮಾತು.

ಈ ದಾರಿಯನ್ನು ಹೊರದೇಶದಲ್ಲಿ ತುಳಿದವರು ಸೀಮೋರ್ ಪ್ಯಾಪರ್ಟ್. 1928ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಜಿನೀವಾದಲ್ಲಿ ಮಕ್ಕಳ ಮನಸ್ಸಿನ ಪಂಡಿತ ಪಿಯಾಜೆಯ ಜೊತೆ ಕೆಲಸ ಮಾಡಿ, ಅಮೆರಿಕದ ಎಂ.ಐ.ಟಿ. ಸೇರಿದ ಗಣಿತಜ್ಞ. 1967ರಲ್ಲಿ ಅವರೂ ವಾಲಿ ಫೋರ್‌ಜೈಗ್, ಸಿಂಥಿಯಾ ಸೊಲೊಮನ್ ಮೊದಲಾದ ಗೆಳೆಯರೂ ಮಕ್ಕಳಿಗಾಗಿ ‘ಲೋಗೊ’ ಎಂಬ ಕಂಪ್ಯೂಟರ್ ಭಾಷೆ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಆ ಭಾಷೆಯ ಮಾತು ಕೇಳಿ ನೆಲದ ಮೇಲೆ ಚಲಿಸುವ ‘ಆಮೆ’ ಬಂತು. ಆಮೆ ಎಂಬ ಹೆಸರು ಅದಕ್ಕೂ ಹಳೆಯದು. 1940ರ ದಶಕದ ಕೊನೆಯಲ್ಲೇ ಬ್ರಿಸ್ಟಲ್‌ನ ಗ್ರೇ ವಾಲ್ಟರ್ ಎಂಬ ವಿಜ್ಞಾನಿ ಎಲ್ಮರ್, ಎಲ್ಸಿ ಎಂಬ ಎರಡು ಯಂತ್ರದ ಆಮೆಗಳನ್ನು ಬೆಳಕಿನತ್ತ ನಡೆಸಿದ್ದರು. ಪ್ಯಾಪರ್ಟರ ಆಮೆಯ ವಂಶದ್ದೇ ನನ್ನ ಚೀಲದ ಜೇನುಹುಳ.

ಮಗು ಆಮೆಯ ಜಾಗದಲ್ಲಿ ತನ್ನನ್ನೇ ನಿಲ್ಲಿಸಿಕೊಂಡು ಯೋಚಿಸುತ್ತದೆ ಎಂಬುದು ಪ್ಯಾಪರ್ಟರ ಮುಖ್ಯ ಕಾಣ್ಕೆ. ಜಗಲಿಯಲ್ಲಿ ಅದನ್ನು ಕಣ್ಣಾರೆ ಕಂಡೆ. ಹುಳ ಮಕ್ಕಳ ಕಡೆ ಮುಖ ಮಾಡಿದಾಗ ಅವರ ಎಡ ಅದರ ಬಲ. ಒಬ್ಬ ಹುಡುಗ ಎರಡು ಸಲ ತಪ್ಪಿದ ಮೇಲೆ ತಾನೇ ಎದ್ದು ಹೋಗಿ ಹುಳದ ಹಿಂದೆ, ಅದು ನೋಡುವ ದಿಕ್ಕಿಗೇ ಮುಖ ಮಾಡಿ ನಿಂತ. ಮೈ ತಿರುಗಿಸಿ ನೋಡಿದ. ಬಂದು ಸರಿಯಾದ ಗುಂಡಿ ಒತ್ತಿದ. ನಾನು ಏನೂ ಹೇಳಿರಲಿಲ್ಲ. ಮೂರು ಸಲ ಬಲಕ್ಕೆ ತಿರುಗಿದರೆ ಒಂದು ಸಲ ಎಡಕ್ಕೆ ತಿರುಗಿದಂತೆ ಎಂಬುದನ್ನು ಅವರೇ ಕಂಡುಕೊಂಡು ಕೇಕೆ ಹಾಕಿದರು. ನಾಲ್ಕನೇ ತರಗತಿಯವರಿಗೆ ಅಳತೆಪಟ್ಟಿ ಕೊಟ್ಟೆ. ನಾಲ್ಕು ಮನೆಗೆ 60, ಏಳು ಮನೆಗೆ 105 ಎಂದು ಹದಿನೈದರ ಮಗ್ಗಿ ನೆಲದ ಮೇಲೆ ಮಲಗಿತ್ತು.

ಚಂದ್ರನ ಮೇಲಿನ ಹುಳ

“ಇದರಿಂದ ಏನ್ ಉಪಯೋಗ ಮೇಷ್ಟ್ರೇ?” ಎಂದರು ಮನೆಯ ಯಜಮಾನರು. ನ್ಯಾಯವಾದ ಪ್ರಶ್ನೆ. ಮಕ್ಕಳನ್ನು ಕೂರಿಸಿ ಪ್ರಜ್ಞಾನ್ ಕತೆ ಹೇಳಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿಯಿತು. ಅದರೊಳಗಿಂದ ಹೊರಬಂದ 26 ಕಿಲೋ ತೂಕದ ಆರು ಚಕ್ರದ ಗಾಡಿ ಪ್ರಜ್ಞಾನ್. ಅದರ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರ್. ನಮ್ಮ ಜಗಲಿಯ ಒಂದು ಮನೆ ದಾಟಲು ಅದಕ್ಕೆ 15 ಸೆಕೆಂಡು ಬೇಕು. ಆಗಸ್ಟ್ 27ರಂದು ಅದರ ಎದುರು, ಮೂರು ಮೀಟರ್ ದೂರದಲ್ಲಿ, ನಾಲ್ಕು ಮೀಟರ್ ಅಗಲದ ಕುಳಿ ಕಾಣಿಸಿತು. ಇಸ್ರೋದವರು ಬಂದ ದಾರಿಯಲ್ಲೇ ಹಿಂದಕ್ಕೆ ಬರುವಂತೆ ಆಜ್ಞೆ ಕೊಟ್ಟು, ಹೊಸ ದಾರಿ ಹಿಡಿಸಿದರು. ಆ ಗಾಡಿಯ ಸುದ್ದಿ ಮೊದಲು ಲ್ಯಾಂಡರಿಗೆ, ಅಲ್ಲಿಂದ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ ದೊಡ್ಡ ಬಟ್ಟಲಿನಂಥ ಆಂಟೆನಾಗಳಿಗೆ ಬರುತ್ತಿತ್ತು. ಬ್ಯಾಲಾಳು ಹನಕೆರೆಗೆ ದೂರದ ಊರೇನಲ್ಲ. “ಅಂಗಾರೆ ಅವ್ರೂ ಹಿಂದಿನ ಬಾಣ ಒತ್ತಿದ್ರಾ ಸಾ?” ಎಂದ ಒಬ್ಬ. ಹೆಚ್ಚು ಕಡಿಮೆ ಹಾಗೆಯೇ ಎಂದೆ.

ಯಜಮಾನರಿಗೆ ನಾನು ಕೊಟ್ಟ ಉತ್ತರ ಮಾತ್ರ ಬೇರೆ. ಇವರೆಲ್ಲ ಇಸ್ರೋ ಸೇರಬೇಕಿಲ್ಲ. ಲೆಕ್ಕವೆಂದರೆ ಹೆದರದಿದ್ದರೆ ಸಾಕು. ನಮ್ಮ ಕಾಲದಲ್ಲಿ ಲೆಕ್ಕ ತಪ್ಪಿದರೆ ಅಂಗೈ ಮೇಲೆ ಬೆತ್ತ ಬೀಳುತ್ತಿತ್ತು; ಆ ಉರಿ ಆರಿದರೂ ಅಂಜಿಕೆ ಆರುತ್ತಿರಲಿಲ್ಲ. ಜೇನುಹುಳ ಬೈಯುವುದಿಲ್ಲ, ನಗುವುದಿಲ್ಲ. ಹೇಳಿದಷ್ಟನ್ನೇ ಮಾಡಿ ತೋರಿಸುತ್ತದೆ. ಎಲ್ಲಿ ತಪ್ಪಿತು ಎಂದು ಹುಡುಕುವುದು ಮಗುವಿನ ಕೆಲಸ, ತಿದ್ದುವುದೂ ಮಗುವಿನ ಕೆಲಸ. ತಪ್ಪು ನಾಚಿಕೆಯ ಸಂಗತಿಯಾಗದೆ ಹುಡುಕುವ ಸಂಗತಿಯಾದರೆ ಗಣಿತದ ಅರ್ಧ ಪಾಠ ಮುಗಿದಂತೆ.

ಈ ನೋಟ ನಮಗೆ ಹೊಸದೂ ಅಲ್ಲ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊಳೆತು, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಮಕ್ಕಳನ್ನು ನೆಲದ ಮೇಲೆ ಗುಂಪಾಗಿ ಕೂರಿಸಿ, ಕಾರ್ಡು ಹಿಡಿಸಿ, ಕಲಿಕೆಯ ಏಣಿಯನ್ನು ಅವರವರ ವೇಗದಲ್ಲಿ ಹತ್ತಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೋಡಿಂಗ್ ಚಟುವಟಿಕೆಯನ್ನು ಮಾಧ್ಯಮಿಕ ಹಂತದಲ್ಲಿ ತರಬೇಕೆಂದಿದೆ. ಅಷ್ಟು ಕಾಯದೆ, ಒಂದನೇ ತರಗತಿಯ ನೆಲದಲ್ಲೇ ಬೀಜ ಬಿತ್ತಬಹುದು ಎಂಬುದು ನನ್ನ ಅನಿಸಿಕೆ.

ಆದರೆ ಹುಳದ ಬೆಲೆ ಸಾವಿರಗಳಲ್ಲಿದೆ. ಪಟ್ಟಣದ ಖಾಸಗಿ ಶಾಲೆಗೆ ಅದು ಶುಲ್ಕದ ಪಟ್ಟಿಯಲ್ಲಿ ಒಂದು ಸಾಲು. ಹಳ್ಳಿಯ ಸರ್ಕಾರಿ ಶಾಲೆಗೆ ವರ್ಷದ ಕನಸು. ದಶಪಥದಲ್ಲಿ ಕಾರಿಗೊಂದು ದಾರಿ, ಗಾಡಿಗೊಂದು ದಾರಿ ಆದಂತೆ ವಿದ್ಯೆಯಲ್ಲೂ ಆದರೆ, ಚೌಕಾಬಾರ ಬಲ್ಲ ಮಗು ತನಗೇನೂ ಗೊತ್ತಿಲ್ಲವೆಂದೇ ನಂಬಿ ಬೆಳೆಯುತ್ತದೆ. ನನಗೆ ಅಳುಕಿರುವುದು ಇದರ ಬಗ್ಗೆಯೇ.

ಎರಡನೆಯ ದಿನ ಹುಳದ ಬ್ಯಾಟರಿ ಮುಗಿಯಿತು. ಮಕ್ಕಳು ಬೀದಿಯಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ದೊಡ್ಡದಾಗಿ ಗೀಚಿ, ಒಬ್ಬನನ್ನೇ ಹುಳ ಮಾಡಿದರು. ಉಳಿದವರು ಆಜ್ಞೆಗಳನ್ನು ಬಾಣಗಳಾಗಿ ಸ್ಲೇಟಿನಲ್ಲಿ ಬರೆದು ಓದಿದರು. ಹುಳ ಆದವನು ಬರೆದದ್ದನ್ನಷ್ಟೇ ಮಾಡಬೇಕು, ಬುದ್ಧಿ ಉಪಯೋಗಿಸುವಂತಿಲ್ಲ. ‘ಎಡಕ್ಕೆ’ ಎಂದರೆ ತಿರುಗಬೇಕೇ ಹೊರತು ಹೆಜ್ಜೆ ಇಡಬಾರದು. ಇಟ್ಟರೆ ಔಟ್. ಯಂತ್ರ ಕಲಿಸಿದ್ದೆಲ್ಲವೂ ಈ ಆಟದಲ್ಲಿತ್ತು. ಜೊತೆಗೆ ನಗುವೂ ಇತ್ತು.

ಓದುಗರಲ್ಲಿ ಮೇಷ್ಟರುಗಳಿದ್ದರೆ ಒಂದು ವಿನಂತಿ. ಯಂತ್ರ ಬರಲಿ, ಬಂದರೆ ಸಂತೋಷ. ಸರ್ಕಾರ ಕೊಟ್ಟರೆ ಇನ್ನೂ ಸಂತೋಷ. ಬರುವವರೆಗೆ ಒಂದು ಸೀಮೆಸುಣ್ಣ, ಹತ್ತು ಮನೆ ಗೀಚುವಷ್ಟು ನೆಲ ಮತ್ತು ತಪ್ಪಿದ ಮಗುವನ್ನು ಗದರದೆ ಕಾಯುವಷ್ಟು ತಾಳ್ಮೆ ಇದ್ದರೆ ಪಾಠ ಶುರು ಮಾಡಬಹುದು. ಊರಿನ ಅಜ್ಜಿಯೊಬ್ಬರನ್ನು ಬಾಗಿಲಲ್ಲಿ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು.