ವಿಹಾರನೌಕೆಯ ಸಮರಯಾತ್ರೆ

ಕ್ಯೂಬಾ ದ್ವೀಪದ ದಕ್ಷಿಣ ತೀರದಲ್ಲಿ ಸಾಂಟಿಯಾಗೋ ಎಂಬ ರೇವುಪಟ್ಟಣವಿದೆ. ಬೆಟ್ಟಗಳ ನಡುವೆ ಒಳಚಾಚಿದ ಆ ಕೊಲ್ಲಿಗೆ ಗಡಿಗೆಯ ಕಂಠದಂತೆ ಕಿರಿದಾದ ಬಾಯಿ. ಅದರ ಪೂರ್ವಪಾರ್ಶ್ವದ ಬಂಡೆಯ ಮೇಲೆ ಸ್ಪೇನಿನವರು ಕಟ್ಟಿದ ಮೊರ್ರೊ ಕೋಟೆ. ದೊಡ್ಡ ಹಡಗುಗಳು ಅಲ್ಲಿಂದ ಒಂದರ ಹಿಂದೊಂದಾಗಿಯೇ ಹೊರಬೀಳಬೇಕು. ಭೂಪಟವನ್ನು ತೂಗುಹಾಕಿ ಬಹುಕಾಲ ಹುಡುಗರಿಗೆ ಪಾಠ ಹೇಳಿದ ನನಗೆ ಆ ಕಿರಿಬಾಯಿಯನ್ನು ಕಂಡಾಗಲೆಲ್ಲ ಒಂದು ವಿಹಾರನೌಕೆಯ ವೃತ್ತಾಂತವು ಸ್ಮರಣೆಗೆ ಬರುತ್ತದೆ.

ಅಮೆರಿಕದ ಕುಬೇರನೆನಿಸಿದ್ದ ಜೆ. ಪಿ. ಮಾರ್ಗನ್ನನಿಗಾಗಿ ಈ ನೌಕೆಯು 1891ರಲ್ಲಿ ಫಿಲಡೆಲ್ಫಿಯಾದಲ್ಲಿ ನಿರ್ಮಿತವಾಯಿತು. ಇದರ ಹೆಸರು ಕೊರ್ಸೇರ್, ಎಂದರೆ ಕಡಲುಗಳ್ಳ. ಲೇವಾದೇವಿಯ ಸಾಹುಕಾರನೊಬ್ಬನು ತನ್ನ ನೌಕೆಗೆ ಇಂಥ ನಾಮಕರಣವನ್ನು ಮಾಡಿದುದು ವಿನೋದವೋ ಸತ್ಯವಚನವೋ, ವಾಚಕರೇ ನಿರ್ಣಯಿಸಲಿ.

1898ರ ಫೆಬ್ರವರಿ 15ರ ರಾತ್ರಿ ಹವಾನಾ ರೇವಿನಲ್ಲಿ ಅಮೆರಿಕದ ‘ಮೇನ್’ ಎಂಬ ಯುದ್ಧನೌಕೆಯು ಸಿಡಿದು 260ಕ್ಕೂ ಹೆಚ್ಚು ಮಂದಿ ಮಡಿದರು. ಕಾರಣವು ಇಂದಿಗೂ ವಿವಾದಗ್ರಸ್ತವಾಗಿದೆ. ಅಂದು ಮಾತ್ರ ಅಪವಾದವು ಸ್ಪೇನಿನ ಮೇಲೆ ಬಿದ್ದಿತು. ಏಪ್ರಿಲಿನಲ್ಲಿ ಯುದ್ಧವು ತೊಡಗಲು, ಸರಕಾರವು ಮಾರ್ಗನ್ನನ ನೌಕೆಯನ್ನು ಕೊಂಡು, ಸಣ್ಣ ಫಿರಂಗಿಗಳನ್ನು ಜೋಡಿಸಿ, ‘ಗ್ಲಾಸ್ಟರ್’ ಎಂದು ಹೆಸರಿಟ್ಟಿತು. ಅದರ ಕಪ್ತಾನನಾದವನು ರಿಚರ್ಡ್ ವೇನ್‌ರೈಟ್. ಮೇನ್ ನೌಕೆಯಲ್ಲಿ ಎರಡನೆಯ ಅಧಿಕಾರಿಯಾಗಿದ್ದು, ಆ ರಾತ್ರಿ ಬದುಕಿ ಉಳಿದವನು!

ಜುಲೈ 3, ಆದಿತ್ಯವಾರ. ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಅಡ್ಮಿರಲ್ ಸೆರ್ವೇರಾನ ನೌಕೆಗಳು ಕೊಲ್ಲಿಯಿಂದ ಒಂದೊಂದಾಗಿ ಹೊರಟವು. ಮೊದಲು ನಾಲ್ಕು ದೊಡ್ಡವು. ಹಿಂದಿನಿಂದ ಫುರೋರ್, ಪ್ಲುಟೋನ್ ಎಂಬ ಎರಡು ಶೀಘ್ರಗಾಮಿ ವಿಧ್ವಂಸಕಗಳು. ವೇನ್‌ರೈಟನು ಒಡನೆ ನುಗ್ಗಲಿಲ್ಲ. ವೇಗವನ್ನು ತಗ್ಗಿಸಿ ಕುದಿಪಾತ್ರೆಗಳಲ್ಲಿ ಆವಿಯ ಒತ್ತಡವು ಏರುವವರೆಗೆ ಕಾದನು. ವಿಧ್ವಂಸಕಗಳು ಕಂಡೊಡನೆ ಪೂರ್ಣವೇಗದಿಂದ ಅವುಗಳ ಮೇಲೆ ಎರಗಿದನು. ಅವುಗಳ ಒಂದು ಟಾರ್ಪೀಡೊ ತಗುಲಿದ್ದರೆ ಕವಚವಿಲ್ಲದ ಈ ನೌಕೆಯು ಪುಡಿಯಾಗುತ್ತಿದ್ದಿತು. ಹಿಂದಿನಿಂದ ದೊಡ್ಡ ನೌಕೆಗಳ ಗುಂಡುಗಳೂ ಬಿದ್ದುವೆಂಬುದು ನಿಜ. ಗ್ಲಾಸ್ಟರಿನ ಪಾಲೇನೂ ಕಡಮೆಯದಲ್ಲ. ಫುರೋರ್ ಮುಳುಗಿತು, ಪ್ಲುಟೋನ್ ಬಂಡೆಗೆ ಅಪ್ಪಳಿಸಿತು. ವಿಧ್ವಂಸಕವೆಂಬ ನೌಕಾಜಾತಿಯನ್ನು ಮೊದಲು ರೂಪಿಸಿದವರಲ್ಲೊಬ್ಬನಾದ ವಿಯಾಮಿಲ್ಲನು ಫುರೋರಿನಲ್ಲಿಯೇ ಪ್ರಾಣಬಿಟ್ಟನು. ಗ್ಲಾಸ್ಟರಿನಲ್ಲಿ ಒಬ್ಬನಿಗೂ ಗಾಯವಾಗಲಿಲ್ಲ.

ನನ್ನನ್ನು ಕಟ್ಟಿನಿಲ್ಲಿಸುವುದು ಇದಲ್ಲ, ಮುಂದಿನದು. ಫಿರಂಗಿ ನಿಂತೊಡನೆ ವೇನ್‌ರೈಟನು ದೋಣಿಗಳನ್ನಿಳಿಸಿ ಮುಳುಗುತ್ತಿದ್ದ ಶತ್ರುಗಳನ್ನು ಎತ್ತಿಸಿದನು. ಬಳಿಕ ದಡಕ್ಕೇರಿ ಉರಿಯುತ್ತಿದ್ದ ಸೆರ್ವೇರಾನ ನೌಕೆಯ ಬಳಿಗೂ ದೋಣಿಗಳು ಹೋದವು; ಅದರೊಳಗಿನ ಮದ್ದುಗುಂಡು ಆಗಾಗ ಸಿಡಿಯುತ್ತಲೇ ಇದ್ದಿತು. ನಿರಾಯುಧನಾದ ಶತ್ರುವನ್ನು ಹೊಡೆಯಬಾರದೆಂದು ನಮ್ಮ ಮನುಸ್ಮೃತಿಯು ವಿಧಿಸುತ್ತದೆ. ಅವನನ್ನು ಬೆಂಕಿಯಿಂದ ಎಳೆತರಬೇಕೆಂಬ ವಿಧಿಯನ್ನು ನಾನು ಅಲ್ಲಿ ಓದಿದ ನೆನಪಿಲ್ಲ. ಮೇನ್ ನೌಕೆಯ ಒಡನಾಡಿಗಳನ್ನು ಕಳೆದುಕೊಂಡವನ ಮನಸ್ಸಿನಲ್ಲಿ ಆಗ ಏನಿದ್ದಿತೋ! ನೀರಿನಿಂದ ತೊಯ್ದು ಬಂದ ವೃದ್ಧ ಸೆರ್ವೇರಾನನ್ನು ಅವನು ಮರ್ಯಾದೆಯಿಂದಲೇ ಬರಮಾಡಿಕೊಂಡನು.

ಗ್ಲಾಸ್ಟರಿನ ನೌಕಾಸೇವೆ 1919ರಲ್ಲಿ ಮುಗಿಯಿತು. ಮಾರ್ಗನ್ನನು ಅದೇ ಹೆಸರಿನ ಇನ್ನೂ ದೊಡ್ಡದೊಂದು ನೌಕೆಯನ್ನು 1898ರಲ್ಲಿಯೇ ಕಟ್ಟಿಸಿದನು. 1917ರಲ್ಲಿ ನೌಕಾದಳವು ಅದನ್ನೂ ಯುದ್ಧಕ್ಕೆ ಕರೆದೊಯ್ದಿತು.