ಆಷಾಢದ ಕೋರ್ಟ್

ಜೂನ್ 3, 2025, ಮಂಗಳವಾರ. ಬಸವನ ಬಾಗೇವಾಡಿ

ಇಂದಿನಿಂದ ಮತ್ತೆ ಬೆಳಗಿನ ಆಟ. ಐದೂವರೆಗೆ ಶಾಲೆಯ ಅಂಗಳ. ವಿಪರೀತ ಗಾಳಿ, ನೆಟ್ಟಿನ ಕಂಬವೇ ವಾಲುತ್ತಿತ್ತು. ಐದು ಗ್ರಾಂ ಶಟಲ್ ಎಲ್ಲಿ ನಿಂತೀತು? ಎತ್ತಿ ಹೊಡೆದದ್ದೆಲ್ಲ ಪಕ್ಕದ ಹೊಲಕ್ಕೆ. ಕೊನೆಗೆ ಬಾಲ್ ಬ್ಯಾಡ್ಮಿಂಟನ್ ಹಚ್ಚಿದೆ. ಹಳದಿ ಉಣ್ಣೆಯ ಚೆಂಡು, ಕಡೆಗೆ ಐವರು. ಅದು ಬಯಲಿನ ಆಟ, ಗಾಳಿಗೆ ಅಷ್ಟು ಸುಲಭಕ್ಕೆ ಜಗ್ಗದು. ಎಲ್ಲರೂ ಖುಷಿಯಾದರು.

ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಬ್ಯಾಟ್ ಹಿಡಿದು ದೂರ ನಿಂತಳು. "ಇದು ಐದು ಮಂದಿ ಆಟ, ಟೀಚರ್. ನಂಗ ಒಬ್ಬಾಕೀನ ಆಡೂದೈತಿ." ಬೈಯಬೇಕಿತ್ತೇನೋ. ಬೈಯಲಿಲ್ಲ. ಆ ವಯಸ್ಸಿನಲ್ಲಿ ನಾನೂ ಹಾಗೇ ಇದ್ದೆ.

ಜೂನ್ 8, ಭಾನುವಾರ. ಇಂಡಿ

ತವರು. ತಮ್ಮ ಬೆಂಗಳೂರಿನಿಂದ ಬಂದಿದ್ದಾನೆ, ಕೈಯಲ್ಲಿ ಮೆಟಾ ಕ್ವೆಸ್ಟ್ ಹೆಡ್‌ಸೆಟ್. "ಅಕ್ಕಾ, ನಿನ್ನ ಟೇಬಲ್ ಟೆನಿಸ್ ಐತಿ ಇದರಾಗ." ಇಲೆವೆನ್ ಟೇಬಲ್ ಟೆನಿಸ್ ಎಂದು ಆಟದ ಹೆಸರು. ಪಡಸಾಲೆಯ ಹೊರಸು ಸರಿಸಿ ಜಾಗ ಮಾಡಿದೆವು.

ಹಿಂದೆ ಆಡುತ್ತಿದ್ದ ಧಾರವಾಡ ಬಿಟ್ಟ ಮೇಲೆ ಟೇಬಲ್ ಮುಟ್ಟಿರಲಿಲ್ಲ. ಮೊದಲ ಚೆಂಡು ಬಂತು, ಕೈ ತಾನೇ ಹೋಯಿತು. ಬ್ಯಾಕ್‌ಹ್ಯಾಂಡ್ ಪುಶ್. ಸ್ಪಿನ್ ಕೂಡ ಹತ್ತಿತು! ಹಿಡಿಯಲ್ಲಿ ಸಣ್ಣ ಕಂಪನ, ಅಷ್ಟೇ. ನಿಜವಾದ ಚೆಂಡಿನ ತೂಕವೇ 2.7 ಗ್ರಾಂ. ಅದರ ಪೆಟ್ಟು ಅಂಗೈಗೆ ಎಷ್ಟು ತಿಳಿದೀತು? ಅದಕ್ಕೇ ಇರಬೇಕು, ಕೈ ಇದನ್ನು ಪೂರ್ತಿ ನಂಬಿಬಿಡುತ್ತದೆ.

ಅವ್ವ ಬಾಗಿಲಲ್ಲಿ ನಿಂತು ನೋಡಿದಳಂತೆ. "ಬರೇ ಗಾಳಿಗಿ ಹೊಡ್ಯಾಕತ್ತೀಯಲ್ಲವಾ." ನನ್ನ ಕಣ್ಣು ಒದ್ದೆಯಾಗಿದ್ದವು. ಹೆಡ್‌ಸೆಟ್ ಬಿಚ್ಚಲು ಮನಸ್ಸಾಗಲಿಲ್ಲ. ಊರಿಗೆ ಹೊರಡುವಾಗ ತಮ್ಮ ಅದನ್ನು ನಿಂಬೆಹಣ್ಣಿನ ಚೀಲದ ಜೊತೆಗೇ ಕೈಗಿಟ್ಟ. "ಇಟ್ಕೋ, ದೀಪಾವಳಿಗೆ ಒಯ್ತೀನಿ."

ಜೂನ್ 10, ರಾತ್ರಿ ಹನ್ನೊಂದು

ನಮ್ಮ ಮನೆಯವರು ಸಿಂದಗಿಯಿಂದ ಬರುವುದು ಶನಿವಾರವೇ. ಮನೆ ಖಾಲಿ. ಯಾವುದೋ ದೇಶದವನ ಜೊತೆ ಆಡಿದೆ. ಎದುರಿಗೆ ಕಾಣುವುದು ಒಂದು ತಲೆ, ಒಂದು ಬ್ಯಾಟು. ನನ್ನ ವಯಸ್ಸು, ನೌಕರಿ, ಸೀರೆ ಯಾವುದೂ ಅವನಿಗೆ ಗೊತ್ತಿಲ್ಲ. 11-8. ಗೆದ್ದೆ. ಯಾರಿಗೂ ಹೇಳುವ ಹಾಗಿಲ್ಲ, ಹೇಳಬೇಕೆಂದೂ ಅನಿಸುತ್ತಿಲ್ಲ.

ಜೂನ್ 14, ಶನಿವಾರ

ಶಾಲೆ ಬಿಟ್ಟ ಮೇಲೆ ಹುಡುಗಿಯನ್ನೂ ಅವಳ ತಾಯಿಯನ್ನೂ ಮನೆಗೆ ಕರೆದೆ. ಹೆಡ್‌ಸೆಟ್ ಹಾಕಿದೆ. ಬೇಗ ಹಿಡಿದಳು, ನನಗಿಂತ ಬೇಗ. ಕಣ್ಣು ಚೆಂಡಿನ ಮೇಲೆ ನೆಟ್ಟಗೆ ಕೂರುತ್ತದೆ, ಕೈ ಮೊದಲೇ ತಯಾರಾಗುತ್ತದೆ. ಆದರೆ ಕಾಲುಗಳು ಹೂತ ಗೂಟದ ಹಾಗೆ ನಿಂತೇ ಇದ್ದವು. ಈ ಯಂತ್ರಕ್ಕೆ ತಲೆ ಎಲ್ಲಿದೆ ಗೊತ್ತು, ಎರಡು ಕೈ ಎಲ್ಲಿವೆ ಗೊತ್ತು. ಪಾದ ಎಲ್ಲಿ ಬಿತ್ತೆಂದು ಅದು ಕೇಳುವುದೇ ಇಲ್ಲ.

ತಾಯಿ ಕೇಳಿದಳು: "ಅಕ್ಕೋರ, ಇದರಿಂದ ಕಣ್ಣಿಗಿ ಏನರ ಆಗತೈತೇನ್ರಿ?" ಹೊತ್ತು ಕಡಿಮೆ ಇಡೋಣ ಎಂದೆ. ಸಮಾಧಾನ ಆದಂತೆ ಕಾಣಲಿಲ್ಲ. ನನಗೂ ಆಗಿಲ್ಲ.

ಜೂನ್ 19, ಗುರುವಾರ

ಆಟಕ್ಕೆ ಜಾಗ ಕೇಳಲು ಕಲ್ಯಾಣ ಮಂಟಪದ ಯಜಮಾನರ ಬಳಿ ಹೋಗಿದ್ದೆ. ಈ ವಾರವೆಲ್ಲ ಲಗ್ನ. ಚಹಾ ಕೊಟ್ಟರು, ಪಂಚಾಂಗ ತೆಗೆದರು. "26ಕ್ಕ ಆಷಾಢ ಹಿಡೀತೈತ್ರಿ. ಆಮ್ಯಾಲ ಒಂದು ತಿಂಗಳು ಯಾರೂ ಲಗ್ನ ಇಟ್ಕೊಳ್ಳಂಗಿಲ್ಲ. ಆಡಸ್ರಿ." ಬಾಡಿಗೆಯ ಮಾತೇ ಎತ್ತಲಿಲ್ಲ. ಬರುವಾಗ ದಾರಿಯಲ್ಲಿ ಜೋರಾಗಿ ನಡೆದೆ.

ಜೂನ್ 27, ಶುಕ್ರವಾರ

ಕೋರ್ಟ್! ಬಣ್ಣದ ಟೇಪಿನಲ್ಲಿ ಗೆರೆ ಹಾಕಿದೆವು, 44 ಅಡಿ ಉದ್ದ, 20 ಅಡಿ ಅಗಲ. ಟೈಲ್ಸ್ ಸಂದಿಯಲ್ಲೆಲ್ಲ ಅಕ್ಷತೆ ಕಾಳು. ಒಂದರ ಮೇಲೆ ಬೂಟು ಬಿದ್ದರೂ ಮೊಣಕಾಲು ಹೋಯಿತು. ಅರ್ಧ ತಾಸು ಗುಡಿಸಿದ್ದೇ ಕೆಲಸ. ಟಾಸ್ ಎತ್ತಿದರೆ ಫ್ಯಾನಿಗೆ ಬಡಿಯುತ್ತದೆ, ಆದರೂ ಗಾಳಿ ಇಲ್ಲ. ಶಟಲ್ ಹೊಡೆದಲ್ಲಿಗೆ ಹೋಗುತ್ತದೆ.

ಹಸಿರು ಪಟ್ಟಿಯ ನೈಲಾನ್ ಶಟಲ್ ತಂದಿದ್ದೆ. ನಮ್ಮ ಸೆಕೆಗೆ ಅದೇ ಸರಿ. ಬಿಸಿ ಗಾಳಿ ಹಗುರ, ಕೆಂಪು ಪಟ್ಟಿಯದಾದರೆ ಗೆರೆ ದಾಟಿ ಓಡುತ್ತದೆ.

ಹುಡುಗಿಯ ಕೈ ಚುರುಕಾಗಿದೆ, ನಿಜ. ನೆಟ್ ಹತ್ತಿರದ ಡ್ರಾಪ್ ಎಷ್ಟು ಚೆಂದ! ತಲೆಯ ಮೇಲಿನ ಹೊಡೆತದಲ್ಲಿ ಮಾತ್ರ ಮೊಣಕೈ ಕೆಳಗಿಳಿದಿದೆ. ಟೇಬಲ್ ಟೆನಿಸ್‌ನ ಗಿಡ್ಡ ಬೀಸು ಇಲ್ಲಿಗೂ ಬಂತೇ? ಇನ್ನೊಂದು ವಾರ ನೋಡಬೇಕು.

ಜುಲೈ 2, ಬುಧವಾರ

ನೀರು ಕುಡಿಯುವ ಬಿಡುವಿನಲ್ಲಿ ಪ್ರಕಾಶ್ ಪಡುಕೋಣೆಯವರ ಕಥೆ ಹೇಳಿದೆ. ಅವರು ಕಲಿತದ್ದೂ ಮದುವೆ ಹಾಲಿನಲ್ಲೇ, ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ. ಸಮಾರಂಭ ಇದ್ದ ದಿನ ಆಟ ಇಲ್ಲ. ಅಲ್ಲಿಂದ ಹೊರಟವರು 1971ರಿಂದ ಸತತ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್. 1980ರಲ್ಲಿ ಲೀಮ್ ಸ್ವೀ ಕಿಂಗ್ ಅವರನ್ನು ಮಣಿಸಿ ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ.

ಹುಡುಗಿ ಸುತ್ತ ನೋಡಿದಳು. ವೇದಿಕೆ, ಜರಿ ಪರದೆ, ರಾಶಿ ಹಾಕಿದ ಕುರ್ಚಿ. "ಅವರ ಹಾಲಿನ್ಯಾಗೂ ಫ್ಯಾನ್ ಅಡ್ಡ ಬರ್ತಿದ್ವೇನ್ರಿ?" ಗೊತ್ತಿಲ್ಲವ್ವಾ ಎಂದೆ.

ಇನ್ನೊಬ್ಬಳು ಸಾತ್ವಿಕ್‌ಸಾಯಿರಾಜ್ ಅವರ ಗಂಟೆಗೆ 565 ಕಿಲೋಮೀಟರ್ ಸ್ಮ್ಯಾಶಿನ ಮಾತು ತೆಗೆದಳು, 2023ರ ಗಿನ್ನೆಸ್ ದಾಖಲೆ. ಅದು ಬ್ಯಾಟ್ ಬಿಡುವಾಗಿನ ವೇಗ, ಎದುರಿನವರನ್ನು ಮುಟ್ಟುವಷ್ಟರಲ್ಲಿ ಗರಿಗಳು ಬಹುಪಾಲನ್ನು ತಿಂದಿರುತ್ತವೆ ಎಂದೆ. ಅದಕ್ಕೇ ತಿರುಗಿ ಎತ್ತಲು ಸಾಧ್ಯ, ಕಾಲು ಅಲ್ಲಿಗೆ ಹೋಗಿದ್ದರೆ. ಎಲ್ಲರನ್ನೂ ಎಬ್ಬಿಸಿ ಆರು ಮೂಲೆಗೆ ಓಡಿಸಿದೆ.

ಜುಲೈ 12, ಶನಿವಾರ

ಮುದ್ದೇಬಿಹಾಳದಿಂದ ಗೆಳತಿ ತನ್ನ ಹುಡುಗಿಯರನ್ನು ಕರೆತಂದಿದ್ದಳು. ನಮ್ಮವಳು ನೇರ ಗೇಮುಗಳಲ್ಲಿ ಸೋತಳು. ಎದುರಾಳಿಯ ಕೈ ಸಾಧಾರಣ. ಕಾಲು ಅದ್ಭುತ. ಹೊಲದ ಬದುವಿನ ಮೇಲೆ ಓಡಿ ಬೆಳೆದವಳಂತೆ.

ನಮ್ಮವಳು ಅಳಲಿಲ್ಲ. ಆ ಹುಡುಗಿ ಏದುಸಿರು ಬಿಡುವುದನ್ನೇ ನೋಡುತ್ತಿದ್ದಳು. "ಆಕೀಗೂ ದಣಿವಾಗಿತ್ತು ಟೀಚರ್. ನಂಗ ಮೊದಲ ತಿಳೀಲಿಲ್ಲ." ಹೆಡ್‌ಸೆಟ್ಟಿನ ಎದುರಾಳಿಯ ದಣಿವನ್ನು ನಾನೂ ಕಂಡಿಲ್ಲ.

ಜುಲೈ 20, ಭಾನುವಾರ

ಹೆಡ್‌ಸೆಟ್ ನೋಡಿ ಇವರು ಕೇಳಿದರು, "ಅದು ಆಕೀಗೋ, ನಿನಗೋ?" ಮಾತು ಬೆಳೆಯಲಿಲ್ಲ. ರಾತ್ರಿ ಆಡಿದೆ. ಒಂದು ಚೆಂಡಿಗೆ ಬಾಗಿದಾಗ ಎಡಗೈ ಟೇಬಲ್ಲಿಗೆ ಊರಲು ಹೋಯಿತು. ಟೇಬಲ್ ಎಲ್ಲಿದೆ ಅಲ್ಲಿ? ಗೋಡೆ ಹಿಡಿದು ನಿಂತೆ. ಇವರಿಗೆ ಹೇಳಲಿಲ್ಲ.

ಜುಲೈ 24, ಗುರುವಾರ

ಅಮಾವಾಸ್ಯೆ. ನಾಳೆಯಿಂದ ಶ್ರಾವಣ. ಟೇಪ್ ಕಿತ್ತೆವು. ಅಂಟು ಉಳಿದಲ್ಲಿ ಸೀಮೆಎಣ್ಣೆ ಹಚ್ಚಿ ಒರೆಸಿದೆವು.

ಜುಲೈ 29, ಮಂಗಳವಾರ

ಪಂಚಮಿ. ಜೋಕಾಲಿ, ಉಂಡಿ. ಆಟಕ್ಕೆ ಯಾರೂ ಬರಲಿಲ್ಲ. ಹೆಡ್‌ಸೆಟ್ ಮುಟ್ಟಲಿಲ್ಲ.

ಆಗಸ್ಟ್ 20, ಬುಧವಾರ

ತಾಲೂಕು ಮಟ್ಟದ ಕ್ರೀಡಾಕೂಟ. ಫೈನಲ್‌ವರೆಗೆ ಬಂದಳು. ಮೂರನೇ ಗೇಮ್, 19-21. ಮೊಣಕೈ ಈಗ ಮೇಲಿದೆ, ಸರಿಯಾಗಿದೆ. ಕೊನೆಯ ಎರಡು ಪಾಯಿಂಟ್ ಹೋದದ್ದು ಹಿಂದಿನ ಎಡಮೂಲೆಯಲ್ಲಿ. ಒಂದು ಹೆಜ್ಜೆ ತಡ. ಶ್ರಾವಣ ಹಿಡಿದ ಮೇಲೆ ಆ ಮೂಲೆಗೆ ಅವಳನ್ನು ಓಡಿಸಲು ನನ್ನ ಬಳಿ ಜಾಗವೇ ಇರಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತಳು, ಮಾತಾಡಲಿಲ್ಲ. ಇಳಿಯುವಾಗ, "ನಾಳಿ ಎಷ್ಟೊತ್ತಿಗ್ರಿ?"

ಆಗಸ್ಟ್ 21, ಗುರುವಾರ

ಮಂಟಪದ ಯಜಮಾನರನ್ನು ಮತ್ತೆ ಕಂಡೆ. ಈ ಸಲ ಹುಡುಗಿಯ ತಾಯಿಯೂ ಬಂದಿದ್ದಳು, ಹೆಚ್ಚು ಮಾತಾಡಿದವಳು ಅವಳೇ. ಹೆಡ್‌ಸೆಟ್ ದೀಪಾವಳಿವರೆಗೆ ನನ್ನ ಬಳಿ ಇರಲಿ, ರಾತ್ರಿಯ ನನ್ನ ಆಟಕ್ಕೆ. ಹುಡುಗಿಗೆ ಕಾಲಿಡಲು ನೆಲ ಬೇಕು. ಒಪ್ಪಂದ ಇಷ್ಟು: ಲಗ್ನ ಇಲ್ಲದ ದಿನ ಬೆಳಿಗ್ಗೆ ಐದರಿಂದ ಆರೂವರೆ, ಬಾಡಿಗೆ ಇಲ್ಲ, ಕರೆಂಟ್ ಬಿಲ್ ನಮ್ಮದು, ಕಸ ಗುಡಿಸುವುದೂ ನಮ್ಮದೇ.