ಐನೂರು ಮೀಟರಿನೊಳಗೆ

ಮೊಬೈಲಿನಲ್ಲಿ ಬ್ಲೂಟೂತ್ ಗುರುತು ಕಂಡರೆ ಈಗಲೂ ನನ್ನ ಬೆರಳು ಅದನ್ನು ಆರಿಸಲು ಹೋಗುತ್ತದೆ. "ಯವ್ವ, ಅದು ಹಾಡು ಕೇಳ್ಲಾಕ ಬೇಕಾಗ್ತದ" ಎಂದು ಮಗಳು ನಗುತ್ತಾಳೆ. ಹತ್ತನೇ ಶತಮಾನದ ಡೆನ್ಮಾರ್ಕಿನ ಒಬ್ಬ ರಾಜನ ಅಡ್ಡಹೆಸರಂತೆ ಅದು. 2020ರ ಬೇಸಿಗೆಗೆ ಮೊದಲು ನನಗೂ ಆ ರಾಜನಿಗೂ ಪರಿಚಯವಿರಲಿಲ್ಲ.

ಆ ವರ್ಷದ ಮಾರ್ಚಿನಲ್ಲಿ ದೇಶದ ಮೊದಲ ಕೊರೊನಾ ಸಾವು ಕಲಬುರಗಿಯವರೊಬ್ಬರದು. ಭೀಮಾ ನದಿ ದಾಟಿದರೆ ನಮ್ಮ ಜೇವರ್ಗಿ. ಹೆದರಿಕೆಗೆ ಸೇತುವೆಯೇನೂ ಬೇಕಾಗಲಿಲ್ಲ. ಏಪ್ರಿಲ್ 2ರಂದು ಕೇಂದ್ರ ಸರ್ಕಾರ 'ಆರೋಗ್ಯ ಸೇತು' ಎಂಬ ಆ್ಯಪ್ ಬಿಟ್ಟಿತು. ಮೇ 1ರ ಆದೇಶದಲ್ಲಿ ನೌಕರರಿಗೆಲ್ಲ ಅದು ಕಡ್ಡಾಯ. ಮೇ 17ಕ್ಕೆ ಕೊಂಚ ಸಡಿಲವಾಯಿತು. ಅಷ್ಟರಲ್ಲಿ ನಾನು ಹೆಸರು, ವಯಸ್ಸು, ಉದ್ಯೋಗ, ಫೋನ್ ಸಂಖ್ಯೆ ಎಲ್ಲ ಕೊಟ್ಟು ಮುಗಿಸಿದ್ದೆ. ಸಾವು ಹೊಸ್ತಿಲಲ್ಲಿ ನಿಂತಾಗ ಗುಟ್ಟು ಯಾರಿಗೆ ಬೇಕು?

ಅದರ ಕೆಲಸ ಸರಳ. ಎರಡು ಫೋನುಗಳು ಹತ್ತಿರ ಬಂದರೆ ಬ್ಲೂಟೂತಿನಿಂದ ಒಂದರ ಗುರುತನ್ನು ಇನ್ನೊಂದು ಬರೆದಿಟ್ಟುಕೊಳ್ಳುತ್ತದೆ. ಸಂಕೇತದ ಬಲ ನೋಡಿ ಅಂತರವನ್ನು ಊಹಿಸುತ್ತದೆ. ಮುಂದೆ ಒಬ್ಬರಿಗೆ ರೋಗ ಖಚಿತವಾದರೆ ಇನ್ನೊಬ್ಬರಿಗೆ ಎಚ್ಚರಿಕೆ. ನಡುವೆ ಗೋಡೆಯಿತ್ತೋ ಇಲ್ಲವೋ ಅದಕ್ಕೆ ತಿಳಿಯದು. ನಮ್ಮ ಓಣಿಯಲ್ಲೋ ಎರಡು ಮನೆಗೆ ಒಂದೇ ಗೋಡೆ. ಇದರ ಜೊತೆಗೆ ಉಪಗ್ರಹದ ನೆರವಿನಿಂದ ನಾವಿರುವ ಜಾಗವನ್ನೂ ಅದು ತಿಳಿದುಕೊಳ್ಳುತ್ತಿತ್ತು. ಐನೂರು ಮೀಟರಿನೊಳಗೆ ಎಷ್ಟು ಜನ ಅಸ್ವಸ್ಥರೆಂದು ಲೆಕ್ಕ ತೋರಿಸುತ್ತಿತ್ತು. ಹೆಸರಿಲ್ಲ, ಬರೀ ಅಂಕಿ.

ಬೆಂಗಳೂರಿನಲ್ಲಿ ಐನೂರು ಮೀಟರೆಂದರೆ ಸಾವಿರಾರು ಜನ. ನಮ್ಮಲ್ಲಿ ಐನೂರು ಮೀಟರೆಂದರೆ ಗಿರಣಿ, ಗುಡಿ, ಎರಡು ಓಣಿ, ನಾಲ್ಕಾರು ಬೇವಿನ ಮರ.

ಜೂನಿನ ಒಂದು ಸಂಜೆ ಕಟ್ಟೆಯ ಮೇಲೆ ಕೂತು ಫೋನ್ ತೆರೆದೆ. 'ಅಸ್ವಸ್ಥರು: 1' ಎಂದಿತು. ಸುಮ್ಮನಿರಬಾರದಿತ್ತೆ? ಗಟ್ಟಿಯಾಗಿ ಓದಿದೆ. "ಯಾರಿರಬಹುದ್ರಿ ಟೀಚರ್?" ಎಂದರು ಪಕ್ಕದವರು. ನಾನು ಹೆಸರು ಹೇಳಲಿಲ್ಲ. ಮೂಲೆಮನೆಯ ಕಡೆ ನೋಡಿದೆ, ಅಷ್ಟೆ. ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗಿದ್ದವರು, ಶಾಲೆಯ ಕೋಣೆಯಲ್ಲಿ ಕ್ವಾರಂಟೈನ್ ಮುಗಿಸಿ ಹಿಂದಿನ ವಾರವಷ್ಟೇ ಮನೆ ಸೇರಿದ್ದರು. ಮರುದಿನ ಗಿರಣಿಯವನು ಅವರ ಜೋಳ ಬೀಸಿಕೊಡಲಿಲ್ಲ. ಬೋರಿನ ಹತ್ತಿರ ಆಕೆ ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಎತ್ತಿಕೊಂಡು ದೂರ ಸರಿದರು.

ನಾಲ್ಕು ದಿನ ಬಿಟ್ಟು ಸರ್ವೆಯ ಹಾಳೆ ಹಿಡಿದು ನಾನೇ ಆ ಮನೆಗೆ ಹೋಗಬೇಕಾಯಿತು. ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ, ಜ್ವರವಿಲ್ಲ. "ಸ್ಮಾರ್ಟ್ ಫೋನ್ ಅದನವ್ವಾ?" ಎಂದೆ. ಆಕೆ ಸೊಂಟದ ಚೀಲದಿಂದ ರಬ್ಬರ್ ಬ್ಯಾಂಡ್ ಸುತ್ತಿದ ಗುಂಡಿ ಫೋನ್ ತೆಗೆದು ತೋರಿಸಿದಳು. "ಇದೊಂದ ಅದ್ರಿ ಟೀಚರ್."

ಪೆನ್ನು ಮುಂದೆ ಹೋಗಲಿಲ್ಲ. ಆ 'ಒಂದು' ಈ ಮನೆಯದಲ್ಲ. ಆ್ಯಪ್ ಹಾಕಿಕೊಂಡು, ಅದು ಕೇಳಿದ ಪ್ರಶ್ನೆಗಳಿಗೆ ಕೆಮ್ಮು, ಜ್ವರ ಎಂದು ಉತ್ತರಿಸಿದ ಯಾರದೋ ಇರಬೇಕು. ಅಂದು ಕಟ್ಟೆಯ ಮೇಲೆ ಕೂತವರದೇ ಆಗಿರಬಹುದು. ನೇರ ಗಿರಣಿಗೆ ಹೋಗಿ ಹೇಳಿದೆ. "ಆ ಮಾತು ಓಣಿ ದಾಟಿ ಹೋಗ್ಯಾದ್ರಿ ಟೀಚರ್, ಈಗ ನಾ ಒಬ್ಬಾಂವ ಬೀಸಿಕೊಟ್ರ ಏನಾಗ್ತದ" ಎಂದ. ಆದರೂ ಬೀಸಿಕೊಟ್ಟ, ಕತ್ತಲಾದ ಮೇಲೆ.

ಜನ ಕೊಟ್ಟ ಮಾಹಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಹಂಚಿಕೊಳ್ಳಬಾರದೆಂದು 2021ರ ಜನವರಿ 25ರಂದು ಕರ್ನಾಟಕ ಹೈಕೋರ್ಟು ಸರ್ಕಾರಕ್ಕೆ ಮಧ್ಯಂತರ ಆದೇಶ ಕೊಟ್ಟಿತು. ಸಂಪರ್ಕ ಪತ್ತೆಯ ಭಾಗ ನಿಲ್ಲಿಸಿ ಮಾಹಿತಿ ಅಳಿಸಿದ್ದೇವೆಂದು 2023ರಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ಪತ್ರಿಕೆಯಲ್ಲಿ ಎರಡನ್ನೂ ಓದಿದೆ. ನನ್ನ ಕಟ್ಟೆಯ ಮೇಲಿನ ಮಾತಿಗೆ ಯಾವ ಕೋರ್ಟು?

ಆ ಮನೆಯ ಹುಡುಗಿ ನನ್ನ ತರಗತಿಗೇ ಸೇರಬೇಕಿತ್ತು. ದೀಪಾವಳಿಗೆ ಮುಂಚೆ ತಾಯಿ ಟಿ.ಸಿ. ಕೇಳಲು ಬಂದಳು, ಮತ್ತೆ ಪುಣೆಗೆ ಹೊರಟಿದ್ದರು. "ಇಲ್ಲೇ ಇರ್ರಿ" ಎನ್ನಲು ನನಗೆ ಬಾಯಿ ಬರಲಿಲ್ಲ. ಶಾಲೆ ಬಿಡುವ ಕಾರಣದ ಮುಂದೆ 'ಪಾಲಕರ ಇಚ್ಛೆಯಂತೆ' ಎಂದು ಬರೆದು, ಸಹಿಗಾಗಿ ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟೆ.